ಬೆಂಜೀನ್ ಬಿಸಿಲಿಗೆ ಜಗ್ಗುವುದಿಲ್ಲ ಅಂದರೆ ಬಿಎಚ್‌ಸಿ ಹೇಗೆ ತಯಾರಾಯಿತು?

ಮೂಡಿಗೆರೆ ತೋಟದವನು

ಮಗಳು ಮೊದಲ ಪಿಯುಸಿ ಓದುತ್ತಿದ್ದಾಳೆ. ಅವಳ ಕೆಮಿಸ್ಟ್ರಿ ಪುಸ್ತಕದಲ್ಲಿ ಬೆಂಜೀನ್‌ನ ಆರು ಕಾರ್ಬನ್ ಉಂಗುರ ಬಹಳ ಗಟ್ಟಿ, ಅಡಿಷನ್ ಕ್ರಿಯೆಗೆ, ಅಂದರೆ ಬೇರೆ ಪರಮಾಣುಗಳನ್ನು ಮೇಲೆ ಸೇರಿಸಿಕೊಳ್ಳುವುದಕ್ಕೆ, ಸುಲಭಕ್ಕೆ ಒಪ್ಪುವುದಿಲ್ಲ ಅಂತ ಒಂದು ಕಡೆ ಇದೆ. ಸ್ವಲ್ಪ ಮುಂದೆ ಹೋದರೆ, ಅದೇ ಬೆಂಜೀನ್ ಜೊತೆ ಕ್ಲೋರಿನ್ ಸೇರಿಸಿ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಬೆಂಜೀನ್ ಹೆಕ್ಸಾಕ್ಲೋರೈಡ್ ಆಗುತ್ತದೆ ಅಂತಲೂ ಇದೆ. "ಅಪ್ಪಾ, ಎರಡರಲ್ಲಿ ಯಾವುದು ಸರಿ?" ಅಂತ ಕೇಳಿದಳು.

ಬೆಂಜೀನ್ ಹೆಕ್ಸಾಕ್ಲೋರೈಡ್ ಅಂದರೆ ನಮ್ಮ ಬಿಎಚ್‌ಸಿ. ಊರಲ್ಲಿ ಹುಳ ಕೊಲ್ಲುವ ಗಮಾಕ್ಸಿನ್ ಪುಡಿ ಅಂದರೆ ಹಳಬರಿಗೆಲ್ಲ ಗೊತ್ತು. ಕಾಂಡ ಕೊರೆಯುವ ಬೋರರ್ ಹುಳ ಬಾರದಿರಲಿ ಅಂತ ಅರೇಬಿಕಾ ಕಾಫಿ ಗಿಡದ ಕಾಂಡಕ್ಕೆ ನಮ್ಮ ತಂದೆಯವರ ಕಾಲದಲ್ಲಿ ಇದನ್ನೇ ಕಲಸಿ ಬಳಿಯುತ್ತಿದ್ದರು. ಆ ಮುಗ್ಗಲು ವಾಸನೆ ಕೈಯಿಂದ ಬೇಗ ಹೋಗುತ್ತಿರಲಿಲ್ಲ.

ಬೆಳಕು ಅಲ್ಲಿ ನಿಜಕ್ಕೂ ಏನು ಮಾಡುತ್ತದೆ? ಬಿಸಿಲಿಗೆ ಇಟ್ಟ ಬೆಂಜೀನ್ ಸುಮ್ನೆ ಕೂತಿರುತ್ತದೆ, ಕ್ಲೋರಿನ್ ಬಂದ ತಕ್ಷಣ ಬದಲಾಗುತ್ತದೆ ಅಂದರೆ ಏನರ್ಥ? ಬೆಳಕಿನ ಬದಲು ಗಾಮಾ ಕಿರಣ ಹಾಯಿಸಿದರೂ ಇದೇ ಆಗುತ್ತದಾ? ಬಲ್ಲವರು ಬಿಡಿಸಿ ಹೇಳಿ, ಮಗಳಿಗೂ ಓದಿಸುತ್ತೇನೆ.

ಕೆಮಿಸ್ಟ್ರಿ ಮೇಷ್ಟ್ರು, ಹಾಸನ

ಮಗಳ ಪ್ರಶ್ನೆ ಬಹಳ ಒಳ್ಳೆಯದು. ಪುಸ್ತಕದ ಎರಡು ಮಾತೂ ಸರಿ. ನಡುವೆ ಹೇಳದೇ ಬಿಟ್ಟ ಒಂದು ಸಂಗತಿ ಇದೆ. ಅಲ್ಲಿ ಬೆಳಕನ್ನು ನುಂಗುವುದು ಬೆಂಜೀನ್ ಅಲ್ಲ, ಕ್ಲೋರಿನ್.

ಬೆಳಕು ಒಂದು ವಸ್ತುವಿನಲ್ಲಿ ಬದಲಾವಣೆ ತರಬೇಕಾದರೆ ಆ ವಸ್ತು ಮೊದಲು ಅದನ್ನು ಹೀರಬೇಕು. ಹಾಯ್ದು ಹೋದ ಬೆಳಕಿನಿಂದ ಏನೂ ಆಗುವುದಿಲ್ಲ. ಶುದ್ಧ ಬೆಂಜೀನ್ ನೀರಿನಷ್ಟೇ ತಿಳಿ, ಬಣ್ಣವೇ ಇಲ್ಲ. ಅದು ಹೀರುವುದು ಸುಮಾರು 255 ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಸುತ್ತಿನ ಮತ್ತು ಅದಕ್ಕಿಂತ ಚಿಕ್ಕ ಅಲೆಯ ಬೆಳಕನ್ನು. 290ಕ್ಕಿಂತ ಚಿಕ್ಕ ಅಲೆಯ ಬಿಸಿಲು ನೆಲಕ್ಕೆ ಬರುವುದೇ ಇಲ್ಲ, ಮೇಲಿನ ಓಝೋನ್ ತಡೆದುಬಿಡುತ್ತದೆ. ಹಾಗಾಗಿ ಬಾಟಲಿಯನ್ನು ಇಡೀ ಬೇಸಿಗೆ ಬಿಸಿಲಲ್ಲಿ ಇಟ್ಟರೂ ಬೆಂಜೀನ್ ಪಾಲಿಗೆ ಅದು ಕತ್ತಲೆಯೇ.

ಕ್ಲೋರಿನ್ ನೋಡಿ. ಹಸಿರು ಮಿಶ್ರಿತ ಹಳದಿ ಬಣ್ಣ. ಬಣ್ಣ ಕಾಣುತ್ತಿದೆ ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಒಂದಷ್ಟನ್ನು ಅದು ನುಂಗುತ್ತಿದೆ ಅಂತ ಅರ್ಥ, ಅಲ್ವಾ? ಅದು ಜಾಸ್ತಿ ಹೀರುವುದು 330 ನ್ಯಾನೊಮೀಟರ್ ಹತ್ತಿರ, ಆದರೆ ನೇರಳೆ, ನೀಲಿಯವರೆಗೂ ಅದರ ಬಾಲ ಚಾಚಿದೆ. ಎರಡು ಕ್ಲೋರಿನ್ ಪರಮಾಣುಗಳ ನಡುವಿನ ಬಂಧ ಮುರಿಯಲು ಬೇಕಾದದ್ದು ಸುಮಾರು 2.5 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಅಳತೆ). ಮಗಳಿಗೆ ಒಂದು ಲೆಕ್ಕ ಹೇಳಿಕೊಡಿ: 1240ನ್ನು ಅಲೆಯ ಉದ್ದದ ನ್ಯಾನೊಮೀಟರಿನಿಂದ ಭಾಗಿಸಿದರೆ ಒಂದು ಫೋಟಾನಿನ, ಅಂದರೆ ಬೆಳಕಿನ ಒಂದು ಕಣದ, ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ. 400 ನ್ಯಾನೊಮೀಟರಿನ ನೇರಳೆ ಬೆಳಕಿಗೆ 3.1 ಬರುತ್ತದೆ. ಕ್ಲೋರಿನ್ ಒಡೆಯಲು ಇದು ಧಾರಾಳ ಸಾಕು.

ಒಡೆದ ಕ್ಲೋರಿನ್ ಪರಮಾಣುವಿಗೆ ಜೋಡಿ ಇಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಅದು ಬೆಂಜೀನ್ ಉಂಗುರದ ಒಂದು ಕಾರ್ಬನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಅಷ್ಟಾದರೆ ಉಂಗುರದ ಬಲ ಮುಗಿಯಿತು. ಆರೂ ಕಾರ್ಬನ್ ಸುತ್ತ ಹರಡಿಕೊಂಡಿದ್ದ ಎಲೆಕ್ಟ್ರಾನ್‌ಗಳ ಒಕ್ಕಟ್ಟಿನಿಂದಲೇ ಬೆಂಜೀನ್ ಗಟ್ಟಿ ಇದ್ದದ್ದು. ಈಗ ಅದೇ ಒಂಟಿ ಎಲೆಕ್ಟ್ರಾನ್ ಇರುವ ರ‍್ಯಾಡಿಕಲ್ ಆಗಿ, ಪಕ್ಕದ ಇನ್ನೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣು ಕಿತ್ತುಕೊಳ್ಳುತ್ತದೆ. ಉಳಿದ ಪರಮಾಣು ಮತ್ತೊಂದು ಬೆಂಜೀನ್ ಹುಡುಕಿಕೊಂಡು ಹೋಗುತ್ತದೆ. ಹೀಗೆ ಸರಪಳಿ ನಡೆಯುತ್ತದೆ. ಒಂದು ಫೋಟಾನ್ ಶುರು ಮಾಡಿಕೊಟ್ಟರೆ ಸಾಕು, ಆಮೇಲೆ ಬಹಳಷ್ಟು ಅಣುಗಳು ತಾವಾಗಿಯೇ ಬದಲಾಗುತ್ತವೆ. ಕೊನೆಗೆ ಒಂದು ಉಂಗುರಕ್ಕೆ ಆರು ಕ್ಲೋರಿನ್.

1825ರಲ್ಲಿ ಬೆಂಜೀನ್ ಕಂಡುಹಿಡಿದ ಮೈಕೆಲ್ ಫ್ಯಾರಡೆಯೇ ಅದನ್ನು ಕ್ಲೋರಿನ್ ಜೊತೆ ಬಿಸಿಲಿಗೆ ಇಟ್ಟು ಈ ವಸ್ತುವನ್ನೂ ಮಾಡಿದ್ದರು. ಅದು ಕೀಟ ಕೊಲ್ಲುತ್ತದೆ ಅಂತ ಜಗತ್ತಿಗೆ ಗೊತ್ತಾಗಿದ್ದು ನೂರು ವರ್ಷಕ್ಕೂ ಆಮೇಲೆ.

ಆಲೂರು ಹುಡುಗಿ

ಮೇಷ್ಟ್ರೇ, ನಾನು ಎಂಎಸ್ಸಿ ಮೊದಲ ವರ್ಷ. ಇದಕ್ಕೆ ಒಂದು ಮಾತು ಸೇರಿಸಲಾ? ಅದೇ ಕ್ಲೋರಿನ್, ಅದೇ ಬೆಂಜೀನ್, ಆದರೆ ಬೆಳಕಿಲ್ಲದೆ ಕತ್ತಲಲ್ಲಿ ವೇಗವರ್ಧಕವಾಗಿ ಫೆರಿಕ್ ಕ್ಲೋರೈಡ್ ಹಾಕಿದರೆ ಉಂಗುರ ಹಾಳಾಗುವುದಿಲ್ಲ. ಒಂದು ಹೈಡ್ರೊಜನ್ ಹೋಗಿ ಅದರ ಜಾಗಕ್ಕೆ ಕ್ಲೋರಿನ್ ಬರುತ್ತದೆ, ಅಷ್ಟೇ. ಬೆಂಜೀನ್ ಉಂಗುರಕ್ಕೆ ಒಂದು ಮೀಥೈಲ್ ಗುಂಪು (CH3) ಅಂಟಿದ ಟೊಲುವೀನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳಕಲ್ಲಿ ಕ್ಲೋರಿನ್ ಪಕ್ಕದ ಮೀಥೈಲ್ ಗುಂಪಿಗೆ ಹೋಗುತ್ತದೆ, ಕತ್ತಲಲ್ಲಿ ಫೆರಿಕ್ ಕ್ಲೋರೈಡ್ ಜೊತೆ ಉಂಗುರಕ್ಕೇ ಹೋಗುತ್ತದೆ. ಬೆಳಕು ಕೆಲಸದ ವೇಗ ಹೆಚ್ಚಿಸುತ್ತದೆ ಅಂತ ಮಾತ್ರ ನಮಗೆ ಹೇಳಿಕೊಟ್ಟಿದ್ದರು. ಆದರೆ ದಾರಿಯೇ ಬೇರೆ ಆಗುತ್ತದೆ ಅನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ.

ನನ್ನ ಪ್ರಶ್ನೆ: ಕ್ಲೋರಿನ್ ಇಲ್ಲದೆ, ಬರೀ ಬೆಂಜೀನ್‌ಗೆ ಅದು ಹೀರುವಂಥ ಬೆಳಕನ್ನೇ ಕೊಟ್ಟರೆ?

ಕೆಮಿಸ್ಟ್ರಿ ಮೇಷ್ಟ್ರು, ಹಾಸನ

ಕೊಟ್ಟು ನೋಡಿದ್ದಾರಮ್ಮ. ಪಾದರಸದ ದೀಪ 254 ನ್ಯಾನೊಮೀಟರಿನ ಬೆಳಕು ಕೊಡುತ್ತದೆ, ಅಂದರೆ ಫೋಟಾನಿಗೆ 4.9 ಎಲೆಕ್ಟ್ರಾನ್ ವೋಲ್ಟ್. ಆ ಬೆಳಕಲ್ಲಿ ಬೆಂಜೀನ್ ಚೂರುಚೂರಾಗುವುದಿಲ್ಲ. ಕಾರ್ಬನ್ ಆರೇ, ಹೈಡ್ರೊಜನ್ ಆರೇ, ಆದರೆ ಜೋಡಣೆ ಬೇರೆ ಆಗುತ್ತದೆ. ಐದು ಕಾರ್ಬನ್ ಉಂಗುರಕ್ಕೆ ಒಂದು ಬಾಲ ಇರುವ ಹಳದಿ ಬಣ್ಣದ ಫುಲ್ವೀನ್ ಸ್ವಲ್ಪ ಬರುತ್ತದೆ. ಬೆಂಜ್‌ವೇಲೀನ್ ಅಂತ ಇನ್ನೊಂದು ಸ್ವಲ್ಪ ಬರುತ್ತದೆ. ಅದನ್ನು ಹೀಗೆ ಹಿಡಿದು ತೋರಿಸಿದ್ದು 1967ರಲ್ಲಿ. ಒಳಗೆ ಬಿಗಿದುಕೊಂಡ ಅಣು ಅದು. ಕೆಟ್ಟ ವಾಸನೆ, ಶುದ್ಧ ರೂಪದಲ್ಲಿ ಸಿಡಿಯುವ ಗುಣ ಬೇರೆ. ಬಿಸಿ ಮಾಡಿದರೆ ಮತ್ತೆ ಬೆಂಜೀನ್ ಆಗುತ್ತದೆ.

19ನೇ ಶತಮಾನದಲ್ಲಿ ಬೆಂಜೀನ್ ಆಕಾರ ಹೀಗಿರಬಹುದು ಅಂತ ಹಲವರು ಹಲವು ಚಿತ್ರ ಬರೆದಿದ್ದರು. ಕೆಕುಲೆಯ ಉಂಗುರ 1865ರದ್ದು, ಅದು ಗೆದ್ದಿತು. ಲಾಡೆನ್‌ಬರ್ಗ್ 1869ರಲ್ಲಿ ತ್ರಿಕೋನ ಪಟ್ಟಕದ ಆಕಾರ ಹೇಳಿದ್ದರು. ಡ್ಯೂವರ್ ಹೆಸರಿನ ಇನ್ನೊಂದು ಆಕಾರವೂ ಇತ್ತು. ಬೆಂಜೀನ್ ಅವೆರಡೂ ಅಲ್ಲ ಅಂತ ಅವು ಮೂಲೆಗೆ ಸೇರಿದವು. ಸುಮಾರು ನೂರು ವರ್ಷ ಆದ ಮೇಲೆ, 1963ರಲ್ಲಿ ಡ್ಯೂವರ್ ಬೆಂಜೀನ್, 1973ರಲ್ಲಿ ಆ ಪಟ್ಟಕ, ಅಂದರೆ ಪ್ರಿಸ್ಮೇನ್, ನಿಜವಾಗಿಯೂ ತಯಾರಾದವು. ಎರಡನ್ನು ಮಾಡುವಾಗಲೂ ಒಂದು ಹೆಜ್ಜೆ ಬೆಳಕಿನದೇ. ಬಿಸಿ ಮಾಡಿ ಅಂಥ ಅಣು ಪಡೆಯಲು ಆಗುವುದಿಲ್ಲ, ಬಿಸಿ ಅವನ್ನೆಲ್ಲ ಬೆಂಜೀನ್ ಕಡೆಗೇ ತಳ್ಳುತ್ತದೆ. ಬೆಳಕು ಮಾತ್ರ ಅಣುವನ್ನು ಶಕ್ತಿಯ ಆ ಗುಡ್ಡ ಹತ್ತಿಸಿ ಆಚೆ ಬಿಡಬಲ್ಲದು. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಓದಿ.

ಇಲ್ಲಿ ಬೆಳಕು ಎಷ್ಟು ಹೊತ್ತು ಬಿತ್ತು ಅನ್ನುವುದಕ್ಕಿಂತ ಒಂದೊಂದು ಫೋಟಾನ್ ಎಷ್ಟು ದೊಡ್ಡದು ಅನ್ನುವುದು ಮುಖ್ಯ. ಬಸ್ ಸ್ಟ್ಯಾಂಡಿನ ತೂಕದ ಯಂತ್ರಕ್ಕೆ ಸರಿಯಾದ ನಾಣ್ಯವೇ ಬೇಕು. ಚಿಕ್ಕ ನಾಣ್ಯ ಎಷ್ಟು ಸುರಿದರೂ ಚೀಟಿ ಬರುವುದಿಲ್ಲ.

ಸಕಲೇಶಪುರದವ

ಹಾಗಿದ್ದರೆ ಗಾಮಾ ಕಿರಣದ್ದು ಏನು ಕಥೆ? ಅದರ ನಾಣ್ಯ ಬಹಳ ದೊಡ್ಡದಲ್ಲವೇ? ಎಲ್ಲಾ ಅಣುವೂ ಪುಡಿ ಆಗಬೇಕು.

ಆಲೂರು ಹುಡುಗಿ

ಇದು ನಾನು ಈ ಸೆಮಿಸ್ಟರಿನಲ್ಲೇ ಓದಿದ್ದು, ಹೇಳುತ್ತೇನೆ.

ವಿಕಿರಣ ಸೂಸುವ ಕೋಬಾಲ್ಟ್-60ರಿಂದ ಬರುವ ಗಾಮಾ ಫೋಟಾನಿಗೆ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಮೇಷ್ಟ್ರು ಹೇಳಿದ ಪಾದರಸದ ಬೆಳಕಿಗಿಂತ ಎರಡು ಲಕ್ಷ ಪಟ್ಟಿಗೂ ಜಾಸ್ತಿ. ಆದರೆ ಅಷ್ಟೂ ಶಕ್ತಿ ಒಂದೇ ಅಣುವಿಗೆ ಬೀಳುವುದಿಲ್ಲ. ಗಾಮಾ ಒಂದು ಎಲೆಕ್ಟ್ರಾನನ್ನು ಜೋರಾಗಿ ಚಿಮ್ಮಿಸುತ್ತದೆ. ಆ ಎಲೆಕ್ಟ್ರಾನ್ ದ್ರವದೊಳಗೆ ಓಡುತ್ತಾ ದಾರಿಯಲ್ಲಿ ಸಿಕ್ಕ ಸಾವಿರಾರು ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತದೆ, ಇಲ್ಲವೇ ಅವನ್ನು ಉದ್ರೇಕಿಸಿ ಬಿಡುತ್ತದೆ. ಬಣ್ಣ ಇದೆಯಾ, ಹೀರುತ್ತದಾ ಅನ್ನುವ ಪ್ರಶ್ನೆಯೇ ಇಲ್ಲಿ ಇಲ್ಲ. ಬೆಳಕು ಅಣುವನ್ನು ಆರಿಸುತ್ತದೆ, ಗಾಮಾ ಆರಿಸುವುದಿಲ್ಲ.

ಆದರೂ ಕೊನೆಗೆ ಯಾರಿಗೆ ಏಟು ಬೀಳುತ್ತದೆ ಅನ್ನುವುದನ್ನು ಉಂಗುರವೇ ತೀರ್ಮಾನಿಸುತ್ತದೆ. ಸೈಕ್ಲೋಹೆಕ್ಸೇನ್ ಮತ್ತು ಬೆಂಜೀನ್ ಎರಡೂ ಆರು ಕಾರ್ಬನ್ ಉಂಗುರ, ಆದರೆ ಮೇಷ್ಟ್ರು ಹೇಳಿದ ಹರಡಿದ ಎಲೆಕ್ಟ್ರಾನ್‌ಗಳ ಒಕ್ಕಟ್ಟು ಸೈಕ್ಲೋಹೆಕ್ಸೇನ್‌ನಲ್ಲಿ ಇಲ್ಲ. ಗಾಮಾ ಕೊಟ್ಟಾಗ 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಸೈಕ್ಲೋಹೆಕ್ಸೇನ್ 5.6ರಷ್ಟು ಹೈಡ್ರೊಜನ್ ಅಣು ಬಿಡುತ್ತದೆ. ಅದರ ಜೊತೆಗೆ ಸೈಕ್ಲೋಹೆಕ್ಸೀನ್, ಮತ್ತೆ ಎರಡು ಉಂಗುರ ಸೇರಿಕೊಂಡ ಬೈಸೈಕ್ಲೋಹೆಕ್ಸೈಲ್ ಹುಟ್ಟುತ್ತವೆ. ಅದೇ ಶಕ್ತಿಗೆ ಬೆಂಜೀನ್ ಬಿಡುವುದು ಬರೀ 0.04. ನೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಬಿದ್ದ ಶಕ್ತಿಯನ್ನು ಬೆಂಜೀನ್ ಉಂಗುರ ಇಡೀ ಸುತ್ತಿಗೆ ಹಂಚಿಕೊಂಡು, ಹೆಚ್ಚಿನಂಶ ಬಿಸಿಯಾಗಿ ಹೊರಗೆ ಬಿಡುತ್ತದೆ. ಅದೂ ಪೂರ್ತಿ ಪಾರಾಗುವುದಿಲ್ಲ. ನಿಧಾನಕ್ಕೆ ಒಂದಕ್ಕೊಂದು ಅಂಟಿಕೊಂಡು ಬೈಫಿನೈಲ್, ಇನ್ನೂ ಉದ್ದದ ಅಂಟು ಪದಾರ್ಥ ಆಗುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಸೈಕ್ಲೋಹೆಕ್ಸೇನ್‌ಗೆ ಸ್ವಲ್ಪ ಬೆಂಜೀನ್ ಬೆರೆಸಿ ಗಾಮಾ ಕೊಟ್ಟರೆ, ಹೊರಬರುವ ಹೈಡ್ರೊಜನ್ ಬೆರೆಸಿದ ಲೆಕ್ಕಕ್ಕಿಂತ ಎಷ್ಟೋ ಕಡಿಮೆ ಆಗುತ್ತದೆ. ಬೆಂಜೀನ್‌ನಿಂದ ಎಲೆಕ್ಟ್ರಾನ್ ಕೀಳಲು ಸಾಕಾಗುವುದು 9.2 ಎಲೆಕ್ಟ್ರಾನ್ ವೋಲ್ಟ್, ಸೈಕ್ಲೋಹೆಕ್ಸೇನ್‌ಗೆ 9.9 ಬೇಕು. ಹಾಗಾಗಿ ಸೈಕ್ಲೋಹೆಕ್ಸೇನ್ ಮೇಲೆ ಬಿದ್ದ ಏಟನ್ನು ಅದು ಒಡೆಯುವ ಮೊದಲೇ ಪಕ್ಕದ ಬೆಂಜೀನ್ ತನ್ನ ಮೇಲೆ ಎಳೆದುಕೊಳ್ಳುತ್ತದೆ.

ಮೂಡಿಗೆರೆಯವರ ಪ್ರಶ್ನೆಗೆ: ಹೌದು, ಗಾಮಾ ಕಿರಣದಿಂದಲೂ ಕ್ಲೋರಿನ್ ಒಡೆದು ಬಿಎಚ್‌ಸಿ ಸರಪಳಿ ಶುರುವಾಗುತ್ತದೆ. ಶುರು ಮಾಡುವವರು ಬೇರೆ, ಮುಂದಿನ ದಾರಿ ಒಂದೇ.

ಹಾಸನ, ಸಾಲಗಾಮೆ ರಸ್ತೆ

ಆಲೂರಿನವರು ಹೇಳಿದ್ದಕ್ಕೂ ನಮ್ಮ ಊರಿಗೂ ನಂಟಿದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇಲ್ಲಿ 1982ರಿಂದ ಇದೆ. ಇಲ್ಲಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲೆ ಇರುತ್ತವೆ. ಅಲ್ಲಿ ಓಝೋನ್ ಹೊದಿಕೆ ಇಲ್ಲ, ನೆಲಕ್ಕೆ ಬರದ ಅಲ್ಟ್ರಾವಯಲೆಟ್ ಎಲ್ಲ ನೇರ ಬೀಳುತ್ತದೆ, ವೇಗದ ಎಲೆಕ್ಟ್ರಾನ್‌ಗಳ ಹೊಡೆತ ಬೇರೆ. ಉಪಗ್ರಹಕ್ಕೆ ಹೊದಿಸುವ ಚಿನ್ನದ ಬಣ್ಣದ ಹಾಳೆ ಫೋಟೋದಲ್ಲಿ ನೋಡಿರುತ್ತೀರಿ. ಅದು ಕ್ಯಾಪ್ಟಾನ್ (Kapton) ಅನ್ನುವ ಪಾಲಿಇಮೈಡ್ ಪ್ಲಾಸ್ಟಿಕ್. ಅದರ ಸರಪಳಿ ತುಂಬ ಬೆಂಜೀನ್ ಉಂಗುರಗಳೇ. ಅಷ್ಟು ವಿಕಿರಣ ತಡೆಯುವ ಶಕ್ತಿ ಬಂದದ್ದು ಅದರಿಂದ.

ಸಕಲೇಶಪುರದವ

ನಮ್ಮ ಕಣದ ಟಾರ್ಪಾಲಿಗೆ ಯಾಕೆ ಆ ಭಾಗ್ಯ ಇಲ್ಲ? ಎರಡು ಬೇಸಿಗೆ ಕಾಫಿ ಒಣಗಿಸಿದರೆ ಮಡಿಕೆಯಲ್ಲೇ ಬಿರಿಯುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು, ಹಾಸನ

ಟಾರ್ಪಾಲು ಪಾಲಿಥೀನ್, ಅದರಲ್ಲಿ ಉಂಗುರ ಇಲ್ಲ. ಶುದ್ಧ ಪಾಲಿಥೀನ್ ಬಿಸಿಲನ್ನು ಹೀರುವುದೂ ಇಲ್ಲ. ತಯಾರಿಸುವಾಗ ಬಿಸಿಗೆ ಅಲ್ಲಲ್ಲಿ ಆಮ್ಲಜನಕ ಸೇರಿಕೊಂಡಿರುತ್ತದಲ್ಲ, ಆ ಕಲೆಗಳು ಹೀರಿ ಅಲ್ಲಿಂದ ಸರಪಳಿ ತುಂಡಾಗುತ್ತಾ ಹೋಗುತ್ತದೆ. ಒಳ್ಳೆಯ ಟಾರ್ಪಾಲಿಗೆ ಬೆಂಜೋಟ್ರಯಜೋಲ್ ಜಾತಿಯ ಉಂಗುರದ ಅಣುಗಳನ್ನು ಬೆರೆಸುತ್ತಾರೆ. ಅವು ಅಲ್ಟ್ರಾವಯಲೆಟ್ ಹೀರಿ ಕಣ್ಣು ಮಿಟುಕಿಸುವ ಮೊದಲೇ ಬಿಸಿ ಮಾಡಿ ಬಿಟ್ಟುಬಿಡುತ್ತವೆ. ಕೊಳ್ಳುವಾಗ ಯುವಿ ಸ್ಟೆಬಿಲೈಸ್ಡ್ ಅಂತ ಇದೆಯಾ ನೋಡಿ. ಕಪ್ಪು ಹಾಳೆಯಲ್ಲಿ ಕಾರ್ಬನ್ ಮಸಿಯೇ ಆ ಕೆಲಸ ಮಾಡುತ್ತದೆ.

ಕೊಪ್ಪ ಅಜ್ಜಿಮನೆ

ನಾನು ನರ್ಸ್ ಆಗಿ ಕೆಲಸ ಮಾಡಿದವಳು. ಬೆಳಕು ಉಂಗುರ ಒಡೆಯುವುದು ಒಳ್ಳೆಯದಕ್ಕೂ ಇದೆ ಅಂತ ಹೇಳಬೇಕು ಅನ್ನಿಸಿತು. ನಮ್ಮ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಇದೆ, ನಾಲ್ಕು ಉಂಗುರದ ಅಣು. ತುದಿಯಲ್ಲಿ ಒಂದು ಆಮ್ಲಜನಕ ಇರುವುದರಿಂದ ಪಕ್ಕಾ ಹೈಡ್ರೊಕಾರ್ಬನ್ ಅಲ್ಲ. ಆದರೆ ಬೆಳಕು ತಾಗುವುದು ಅದರ ಒಂದು ಉಂಗುರಕ್ಕೆ, ಎರಡು ಜೋಡಿ ಬಂಧ ಅಕ್ಕಪಕ್ಕ ಇರುವ ಉಂಗುರಕ್ಕೆ. 290ರಿಂದ 315 ನ್ಯಾನೊಮೀಟರಿನ ಬಿಸಿಲು ಬಿದ್ದರೆ ಆ ಉಂಗುರ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೈ ಬಿಸಿಗೆ ನಿಧಾನಕ್ಕೆ ತಿರುಗಿ ವಿಟಮಿನ್ ಡಿ3 ಆಗುತ್ತದೆ. ಜಾಸ್ತಿ ಹೊತ್ತು ನಿಂತರೆ ಜಾಸ್ತಿ ಆಗಿಬಿಡುವುದಿಲ್ಲ. ಬಿಚ್ಚಿಕೊಂಡ ಅಣುವನ್ನೇ ಬೆಳಕು ಬೇರೆ ಕಡೆ ತಿರುಗಿಸಿ ಲುಮಿಸ್ಟೆರಾಲ್, ಟ್ಯಾಕಿಸ್ಟೆರಾಲ್ ಮಾಡಿಬಿಡುತ್ತದೆ. ಬಿಸಿಲಿಂದ ವಿಟಮಿನ್ ಡಿ ವಿಷ ಆಗದೇ ಇರುವುದು ಅದಕ್ಕೇ.

ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ, ಗಾಜು ಆ ಬೆಳಕನ್ನು ಬಿಡುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಲ್ಲಿ ಸ್ವಲ್ಪ ಹೊತ್ತು ಹೊರಗೆ ಇರಿ. ಮಳೆಗಾಲದಲ್ಲಿ ನಮ್ಮ ಕಡೆ ವಾರಗಟ್ಟಲೆ ಸೂರ್ಯನೇ ಕಾಣುವುದಿಲ್ಲ, ಮನೆಯಲ್ಲೇ ಇರುವ ವಯಸ್ಸಾದವರನ್ನು ಬಿಸಿಲು ಬಂದ ದಿನ ಅಂಗಳಕ್ಕೆ ಕರೆತನ್ನಿ. ಅಣಬೆ ಒಣಗಿಸುವವರು ಅದರ ಕೆಳಗಿನ ಪದರ ಮೇಲೆ ಮಾಡಿ ಬಿಸಿಲಿಗೆ ಇಡಿ. ಅದರಲ್ಲಿರುವ ಎರ್ಗೊಸ್ಟೆರಾಲ್ ಇದೇ ರೀತಿ ವಿಟಮಿನ್ ಡಿ2 ಆಗುತ್ತದೆ.

ಆಲೂರು ಹುಡುಗಿ

ಅಕ್ಕಾ, ನೀವು ಹೇಳಿದ ಉಂಗುರದ ಬರೀ ಹೈಡ್ರೊಕಾರ್ಬನ್ ರೂಪ 1,3-ಸೈಕ್ಲೋಹೆಕ್ಸಾಡೈಯೀನ್. ಅದು ಬೆಳಕಿಗೆ ಬಿಚ್ಚಿಕೊಳ್ಳುವುದನ್ನು 2015ರಲ್ಲಿ ಅಮೆರಿಕದ ಎಸ್‌ಎಲ್‌ಎಸಿ ಪ್ರಯೋಗಾಲಯದಲ್ಲಿ ಎಕ್ಸ್‌ರೇ ಮಿಂಚುಗಳಿಂದ ಹೆಜ್ಜೆ ಹೆಜ್ಜೆಯಾಗಿ ಹಿಡಿದಿದ್ದಾರೆ. ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಲ್ಲಿ ಉಂಗುರ ತೆರೆದುಕೊಳ್ಳುತ್ತದೆ.

ಇನ್ನೊಂದು ನಾರ್ಬೋರ್ನಡೈಯೀನ್. ಅದು ಬೆಳಕು ಹೀರಿ ಕ್ವಾಡ್ರಿಸೈಕ್ಲೇನ್ ಆಗಿ ಬಿಗಿದುಕೊಳ್ಳುತ್ತದೆ. ಆಮೇಲೆ ವೇಗವರ್ಧಕ ತಾಗಿಸಿದರೆ ಹಿಡಿದಿಟ್ಟ ಶಕ್ತಿಯನ್ನು ಬಿಸಿಯಾಗಿ ವಾಪಸ್ ಕೊಡುತ್ತದೆ. ಕಿಲೋಗೆ ಸುಮಾರು ಒಂದು ಮೆಗಾಜೂಲ್. ನಾನು ಲೆಕ್ಕ ಹಾಕಿದೆ, ಮೂರು ಲೀಟರ್ ತಣ್ಣೀರು ಕುದಿಯುವಷ್ಟು. ಬರೀ ನಾರ್ಬೋರ್ನಡೈಯೀನ್‌ಗೂ ಬೆಂಜೀನ್ ತರಹವೇ ನೆಲದ ಬಿಸಿಲು ಹಿಡಿಯುವುದಿಲ್ಲ. ಬೇರೆ ಗುಂಪು ಜೋಡಿಸಿ ಬಿಸಿಲು ಹೀರುವ ಹಾಗೆ ಮಾಡುವ ಕೆಲಸ ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಓದು ಮುಗಿಸಿ ನಾನೂ ಈ ಕಡೆಗೇ ಹೋಗಬೇಕು ಅಂತ ಆಸೆ ಇದೆ.

ಮೂಡಿಗೆರೆ ತೋಟದವನು

ಎಲ್ಲರಿಗೂ ಧನ್ಯವಾದ. ಮಗಳು ಪೂರ್ತಿ ಓದಿ ಒಂದು ಪ್ರಶ್ನೆ ಹುಟ್ಟಿಸಿದ್ದಾಳೆ. ಬೆಳಕಿನಿಂದ ಹುಟ್ಟಿದ ಬಿಎಚ್‌ಸಿಯನ್ನು ಬಿಸಿಲು ಮತ್ತೆ ಒಡೆಯುವುದಿಲ್ಲವೇ? ತೋಟಕ್ಕೆ ಬಳಿದದ್ದು ಬಿಸಿಲಿಗೆ ಹೋಗಿರಬೇಕಲ್ಲ? ನಮ್ಮ ಹಳೆಯ ಗೋದಾಮಿನಲ್ಲಿ ಒಂದು ಡಬ್ಬಿಯೂ ಉಳಿದಿದೆ.

ಕೆಮಿಸ್ಟ್ರಿ ಮೇಷ್ಟ್ರು, ಹಾಸನ

ಇಲ್ಲ, ಒಡೆಯುವುದಿಲ್ಲ. ಅದೇ ಇದರ ದೊಡ್ಡ ಕೆಡುಕು. ಕ್ಲೋರಿನ್ ಎಲ್ಲ ಉಂಗುರಕ್ಕೆ ಅಂಟಿದ ಮೇಲೆ ಬಣ್ಣ ಹೋಯಿತು, ಜೋಡಿ ಬಂಧವೂ ಹೋಯಿತು. ನೆಲಕ್ಕೆ ಬರುವ ಬಿಸಿಲನ್ನು ಹೀರಲು ಅದರಲ್ಲಿ ಈಗ ಏನೂ ಇಲ್ಲ. ಹುಟ್ಟಿಸಿದ ಬೆಳಕಿಗೇ ಅದು ಕಾಣದ ಹಾಗೆ ಆಗಿದೆ.

ಬಿಎಚ್‌ಸಿ ಒಂದೇ ವಸ್ತು ಅಲ್ಲ. ಆರು ಕ್ಲೋರಿನ್ ಉಂಗುರದ ಮೇಲೆ ಕೆಳಗೆ ಹೇಗೆ ಕೂತಿವೆ ಅನ್ನುವುದರ ಮೇಲೆ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಅಂತ ಬೇರೆ ಬೇರೆ ಆಗುತ್ತದೆ. ಹುಳ ಕೊಲ್ಲುವುದು ಗಾಮಾ (ಹೆಸರು ಮಾತ್ರ, ಗಾಮಾ ಕಿರಣ ಅಲ್ಲ), ಅದೇ ಲಿಂಡೇನ್. ಹಳೆಯ ಪುಡಿಯಲ್ಲಿ ಅದು ನೂರಕ್ಕೆ 10ರಿಂದ 15 ಪಾಲು ಮಾತ್ರ. ಅರ್ಧಕ್ಕೂ ಜಾಸ್ತಿ ಆಲ್ಫಾ, ಕೆಲಸಕ್ಕೆ ಬಾರದ್ದು. ಅಂದರೆ ಒಂದು ಪಾಲು ಔಷಧಿಗೆ ಆರರಿಂದ ಒಂಬತ್ತು ಪಾಲು ಕಸವನ್ನೂ ನಾವು ತೋಟಕ್ಕೆ ಸುರಿದೆವು. ಬೀಟಾದಲ್ಲಿ ಆರೂ ಕ್ಲೋರಿನ್ ಉಂಗುರದ ಬದಿಗೆ ಚಾಚಿಕೊಂಡಿರುತ್ತವೆ. ಕ್ಲೋರಿನ್ ಮತ್ತು ಪಕ್ಕದ ಹೈಡ್ರೊಜನ್ ಒಂದು ಮೇಲೆ, ಒಂದು ಕೆಳಗೆ ನೇರ ಎದುರುಬದುರು ಇದ್ದರೆ ಮಾತ್ರ ಎರಡೂ ಜೊತೆಯಾಗಿ ಸುಲಭಕ್ಕೆ ಕಳಚುತ್ತವೆ. ಬೀಟಾಗೆ ಆ ಅವಕಾಶ ಇಲ್ಲ. ಅದಕ್ಕೇ ಅದು ಮಣ್ಣಿನಲ್ಲಿ, ಮೈಕೊಬ್ಬಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ. ಬೇರೆಯವನ್ನು ಮಣ್ಣಿನ ಕೆಲವು ಬ್ಯಾಕ್ಟೀರಿಯಾ ನಿಧಾನಕ್ಕೆ ತಿನ್ನುತ್ತವೆ. ನಮ್ಮ ದೇಶದ ಮಣ್ಣಿನಲ್ಲೇ ಸಿಕ್ಕ ಸ್ಫಿಂಗೋಬಿಯಂ ಇಂಡಿಕಂ ಅವುಗಳಲ್ಲಿ ಒಂದು.

ಬಿಎಚ್‌ಸಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಿದರು. 2009ರಲ್ಲಿ ಲಿಂಡೇನ್ ಕೂಡ, ಬೇಗ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಆಮೇಲೆ ಇಲ್ಲೂ ನಿಂತಿತು.

ಡಬ್ಬಿಯನ್ನು ಸುಡಬೇಡಿ, ಕ್ಲೋರಿನ್ ಇರುವ ಉಂಗುರಗಳನ್ನು ಒಲೆ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಿಷ ಹುಟ್ಟಬಹುದು. ಹೂಳಬೇಡಿ, ಹಳ್ಳಕ್ಕೂ ಹಾಕಬೇಡಿ. ನಿಮ್ಮ ಹಳ್ಳದ ನೀರು ಹೇಮಾವತಿಗೆ ಸೇರುತ್ತದೆ, ಕೆಳಗೆ ಗೊರೂರಿನವರೆಗೆ ಅದನ್ನೇ ಕುಡಿಯುವವರಿದ್ದಾರೆ. ಕೈಗವಸು ಹಾಕಿಕೊಂಡು, ಡಬ್ಬಿಯನ್ನು ಇನ್ನೊಂದು ಗಟ್ಟಿ ಡ್ರಮ್ಮಿನೊಳಗೆ ಮುಚ್ಚಿ, ಮೇಲೆ ಒಳಗಿರುವ ವಿಷದ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಬರಹದಲ್ಲಿ ತಿಳಿಸಿ.

ಸಕಲೇಶಪುರದವ

ಬೋರರ್‌ಗೆ ಈಗ ನಮ್ಮಲ್ಲಿ ಮಾಡುವುದು ಹೇಳುತ್ತೇನೆ. ಏಪ್ರಿಲ್–ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್, ಹುಳ ಹಾರುವ ಹೊತ್ತು. ಅದಕ್ಕೆ ಮೊದಲೇ ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯುತ್ತೇವೆ, ಹುಳ ಮೊಟ್ಟೆ ಇಡುವುದು ಆ ಬಿರುಕಲ್ಲೇ. ಕಾಂಡಕ್ಕೆ ಸುಣ್ಣದ ನೀರು ಹೊಡೆಯುತ್ತೇವೆ, 200 ಲೀಟರ್‌ಗೆ 20 ಕಿಲೋ. ವಾಸನೆಯಿಂದ ಹುಳ ಸೆಳೆಯುವ ಫೆರೊಮೋನ್ ಬಲೆ ಕಟ್ಟುತ್ತೇವೆ. ಹುಳ ಹಿಡಿದ ಗಿಡ ಕಿತ್ತು ಸುಡುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ ನೆರಳು ಬಿಟ್ಟುಕೊಡುವುದಿಲ್ಲ. ಬಿಸಿಲು ಬೀಳುವ ಕಾಂಡವೇ ಆ ಹುಳಕ್ಕೆ ಇಷ್ಟ. ಮೇಷ್ಟ್ರೇ, ಕಾಂಡಕ್ಕೆ ಬಳಿದ ಸುಣ್ಣ ಬಿಸಿಲಿಗೆ ಕೆಡುತ್ತದಾ?

ಕೆಮಿಸ್ಟ್ರಿ ಮೇಷ್ಟ್ರು, ಹಾಸನ

ಬಿಸಿಲಿಗೆ ಕೆಡುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಸುಣ್ಣಕಲ್ಲಾಗುತ್ತದೆ, ಅಷ್ಟೇ. ತೊಳೆದು ಹೋಗುವುದು ಮಳೆಗೆ. ಮಳೆ ಬಿದ್ದ ಮೇಲೆ ಕಾಂಡ ಒಮ್ಮೆ ನೋಡಿ, ಬಿಳಿ ಮಾಸಿದ್ದರೆ ಮತ್ತೆ ಹೊಡೆಯಿರಿ.